ದೇವರಾಯನದುರ್ಗದಂಥ ಸಣ್ಣ ಕಾಡುಬೆಟ್ಟವನ್ನು ಹತ್ತಿ ಇಳಿಯುವ ಕ್ರಮ

ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ದೇವರಾಯನದುರ್ಗ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ ಎಂದು ಓದಿದವರು ಒಂದೋ ಹೆದರುತ್ತಾರೆ, ಇಲ್ಲವೇ ಹತ್ತಿ ಬಂದ ಮೇಲೆ ಆ ಅಂಕಿಯನ್ನು ಹೇಳಿಕೊಂಡು ಬೀಗುತ್ತಾರೆ. ಎರಡೂ ಸರಿಯಲ್ಲ. ತುಮಕೂರಿನ ಬಯಲೇ 800 ಮೀಟರಿಗಿಂತ ಮೇಲಿರುವುದರಿಂದ ನಮ್ಮ ಕಾಲಿಗೆ ತಿಳಿಯುವ ಏರು 400 ಮೀಟರನ್ನು ಮುಟ್ಟುವುದಿಲ್ಲ. ಬಯಲುಸೀಮೆಯ ಹೆಚ್ಚಿನ ಕಾಡುಬೆಟ್ಟಗಳ ಲೆಕ್ಕವೂ ಹೀಗೆಯೇ: ತಪ್ಪಲಿನ ಹೊಲದಿಂದ ನೆತ್ತಿಯವರೆಗೆ 150ರಿಂದ 400 ಮೀಟರ್ ಏರು, ಒಂದರಿಂದ ನಾಲ್ಕು ಕಿಲೋಮೀಟರ್ ಕಾಲುದಾರಿ. ಎತ್ತರ ಇಷ್ಟೇ ಇರುವುದರಿಂದಲೇ ಜನ ಇವನ್ನು ಹಗುರವಾಗಿ ಕಾಣುತ್ತಾರೆ. ಒಂದು ಬಾಟಲಿ ನೀರು, ಹವಾಯಿ ಚಪ್ಪಲಿ, ಬೆಳಗಿನ ಹತ್ತೂವರೆ ಗಂಟೆ ಎನ್ನುವಂಥ ಸಿದ್ಧತೆಯಲ್ಲಿ ಹೊರಡುತ್ತಾರೆ. ಮಾರ್ಚ್ ತಿಂಗಳೊಂದರಲ್ಲಿ ನಾನೂ ಹಾಗೆಯೇ ಹೊರಟವನು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ದನಗಳ ಜಾಡನ್ನು ದಾರಿಯೆಂದು ನಂಬಿ, ನೀರು ಮುಗಿದು, ಬಂಡೆಯ ಕಾವಿನಲ್ಲಿ ಎರಡು ಗಂಟೆ ಸುತ್ತಿದೆ. ಆದ್ದರಿಂದ ಈ ಲೇಖನದ ಪ್ರತಿ ಹಂತವನ್ನೂ ನಾನು ಇಳಿಯುವ ದಿಕ್ಕಿನಿಂದ ನೋಡಿ ಬರೆದಿದ್ದೇನೆ.

ಬೆಟ್ಟವನ್ನು ಆರಿಸುವುದು

ಮೊದಲ ಬಾರಿಗೆ ಹೊರಡುವವರು ನೆತ್ತಿಯ ಮೇಲೆ ದೇವಸ್ಥಾನವಿರುವ ಬೆಟ್ಟವನ್ನು ಆರಿಸಿಕೊಳ್ಳುವುದು ಒಳ್ಳೆಯದು. ದೇವರಿದ್ದಲ್ಲಿಗೆ ಜನ ನಡೆಯುತ್ತಾರೆ, ಜನ ನಡೆದಲ್ಲಿ ದಾರಿ ಮುಚ್ಚಿಹೋಗುವುದಿಲ್ಲ. ದೇವರಾಯನದುರ್ಗದಲ್ಲಿ ಭೋಗ ನರಸಿಂಹನ ಗುಡಿಯಿರುವ ಕೆಳಗಿನ ಊರಿನವರೆಗೆ ವಾಹನದ ರಸ್ತೆಯಿದೆ. ಅಲ್ಲಿಂದ ಮೇಲಿನ ಯೋಗ ನರಸಿಂಹನ ಗುಡಿಗೆ ಹೋಗುವಾಗ ಕೊನೆಯ ಭಾಗವನ್ನು ಮೆಟ್ಟಿಲು ಹತ್ತಿಯೇ ಮುಗಿಸಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ವಶಪಡಿಸಿಕೊಂಡ ಮೇಲೆ ಬೆಟ್ಟಕ್ಕೆ ಈಗಿನ ಹೆಸರು ಬಂದಿತು. ಅದಕ್ಕೂ ಮುಂಚೆ ಜಡಕನದುರ್ಗ ಎಂಬ ಹೆಸರಿತ್ತು.

ಗುಡಿಯ ದಾರಿಯನ್ನು ಬಿಟ್ಟು ಪಕ್ಕದ ಕಾಡಿಗೆ ಕಾಲಿಡಬೇಕೆಂದರೆ ಮಾತು ಬೇರೆ. ಇಂಥ ಬೆಟ್ಟಗಳ ಸುತ್ತಲಿನ ಕಾಡು ಸಾಮಾನ್ಯವಾಗಿ ಅರಣ್ಯ ಇಲಾಖೆಯ ಸುಪರ್ದಿನಲ್ಲಿರುತ್ತದೆ, ಮತ್ತು ಮೀಸಲು ಅರಣ್ಯವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧ. ಸ್ಕಂದಗಿರಿ, ಮಾಕಳಿದುರ್ಗದಂಥ ಹೆಸರಾದ ಬೆಟ್ಟಗಳಿಗೆ ಮುಂಗಡವಾಗಿ ಆನ್‌ಲೈನಿನಲ್ಲಿ ಚೀಟಿ ಪಡೆಯಬೇಕಾಗುತ್ತದೆ. ಹೆಸರಿಲ್ಲದ ಬೆಟ್ಟವಾದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ ಹೋಗಬೇಕು. ಕೇಳಿದಾಗ ಅನುಮತಿಯ ಜೊತೆಗೆ, ಈ ವಾರ ಕರಡಿ ಯಾವ ಕಡೆ ಕಾಣಿಸಿಕೊಂಡಿದೆ ಎಂಬ ಸುದ್ದಿಯೂ ಸಿಗುವುದುಂಟು. ಅದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ.

ತಿಂಗಳು ಮತ್ತು ಗಂಟೆ

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಮಳೆ ನಿಂತು ಬಂಡೆ ಒಣಗಿರುತ್ತದೆ, ಬಂಡೆಯ ನೀರುಗುಂಡಿಗಳಾದ ದೊಣೆಗಳಲ್ಲಿ ನೀರಿರುತ್ತದೆ, ಕೆಳಗೆ ರಾಗಿಯ ಹೊಲಗಳು ಬಣ್ಣ ತಿರುಗುತ್ತಿರುತ್ತವೆ. ಫೆಬ್ರವರಿಯ ಕೊನೆಯಲ್ಲಿ ಮುತ್ತುಗ ಹೂ ಬಿಟ್ಟಾಗ ಕಾಡು ನೋಡಲು ಚೆಂದ, ಆದರೆ ಆಗಲೇ ಹುಲ್ಲು ಒಣಗಿ ಬೆಂಕಿಗೆ ಕಾದಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಗುಡುಗು-ಸಿಡಿಲಿನ ಮಳೆ ಬರುವುದರಿಂದ ಹನ್ನೊಂದರ ಒಳಗೆ ಇಳಿದು ಮುಗಿಸುವವರು ಮಾತ್ರ ಹೋಗಬೇಕು. ಮಲೆನಾಡಿನ ಗುಡ್ಡವಾದರೆ ಲೆಕ್ಕ ತುಸು ಬದಲಾಗುತ್ತದೆ: ಜೂನಿನಿಂದ ಸೆಪ್ಟೆಂಬರಿನವರೆಗೆ ಇಂಬಳದ ಕಾಟ, ಬೇಸಿಗೆಯ ತಿಂಗಳುಗಳಲ್ಲಿ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳ ಭಯ. ಅಲ್ಲಿ ಸತ್ತ ಮಂಗ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ ಹಿಂತಿರುಗಿ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಗಂಟೆಯ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮೂರು ಕಿಲೋಮೀಟರ್ ದಾರಿಗೆ 36 ನಿಮಿಷ, 300 ಮೀಟರ್ ಏರಿಗೆ 30 ನಿಮಿಷ, ಒಟ್ಟು 66 ನಿಮಿಷವಾಯಿತು. ಇದು ತಂಪು ದೇಶದ ಗಟ್ಟಿ ಕಾಲಿನವನ ಲೆಕ್ಕ. ನಮ್ಮ ಬಿಸಿಲು, ಮುಳ್ಳು ಮತ್ತು ಜೊತೆಗೆ ಬರುವ ಮಕ್ಕಳನ್ನು ನೆನೆದು ಅದಕ್ಕೆ ಅರ್ಧದಷ್ಟು ಸೇರಿಸಿದರೆ ಒಂದು ಗಂಟೆ ನಲವತ್ತು ನಿಮಿಷ. ಇಳಿಯುವುದಕ್ಕೂ ಅಷ್ಟೇ ಹೊತ್ತು ಇಟ್ಟುಕೊಳ್ಳಬೇಕು. ಇಳಿಯುವುದು ಬೇಗ ಆಗುತ್ತದೆ ಎಂಬ ನಂಬಿಕೆ ಮೆಟ್ಟಿಲಿಗೆ ಸರಿ, ಬಂಡೆಗೆ ಸರಿಯಲ್ಲ.

ನಮ್ಮ ಕಡೆ ಸೂರ್ಯ ಹುಟ್ಟುವ ಹೊತ್ತು ಜೂನಿನಲ್ಲಿ ಆರಕ್ಕೆ ಸ್ವಲ್ಪ ಮುಂಚೆ, ಜನವರಿಯಲ್ಲಿ ಆರೂಮುಕ್ಕಾಲು. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಬಂಡೆ ಕಾಯುವ ಮೊದಲು, ಅಂದರೆ ಹತ್ತೂವರೆಯ ಒಳಗೆ, ತಪ್ಪಲಿಗೆ ಮರಳುವುದು ನನ್ನ ಕ್ರಮ. ಸಂಜೆಯ ಏರನ್ನು ನಾನು ಯಾರಿಗೂ ಹೇಳುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಹೆಜ್ಜೆ ಕಾಣುವಷ್ಟು ಬೆಳಕು ಇಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಮತ್ತು ಕರಡಿ, ಚಿರತೆಗಳು ತಮ್ಮ ಓಡಾಟವನ್ನು ಆರಂಭಿಸುವುದೂ ಅದೇ ಹೊತ್ತಿಗೆ. ತುಮಕೂರು ಸೀಮೆಯ ಬೆಟ್ಟಗಳಲ್ಲಿ ಇವೆರಡೂ ಇವೆ.

ಕಟ್ಟಿಕೊಳ್ಳುವ ಬುತ್ತಿ, ತೊಡುವ ಬಟ್ಟೆ

ತಲೆಗೆ ಎರಡು ಲೀಟರ್ ನೀರು. ಇದರಲ್ಲಿ ಒಂದು ಲೀಟರನ್ನು ನೆತ್ತಿ ಮುಟ್ಟುವವರೆಗೆ ತೆರೆಯಬಾರದು. ಬೆವರಿಳಿಸುವ ದಿನಗಳಲ್ಲಿ ಒಂದು ಪೊಟ್ಟಣ ಓಆರ್‌ಎಸ್, ಇಲ್ಲವೇ ಉಪ್ಪು ಹಾಕಿದ ನೀರುಮಜ್ಜಿಗೆ. ತಿನ್ನಲು ಹುರಿದ ಕಡಲೆಕಾಯಿ, ಬೆಲ್ಲ, ಸೌತೆಕಾಯಿ ಸಾಕು; ಚಿತ್ರಾನ್ನವನ್ನು ಕಟ್ಟಿಕೊಂಡರೆ ಡಬ್ಬಿಯಲ್ಲಿಟ್ಟು ಚೀಲದೊಳಗೆ ಸೇರಿಸಬೇಕು. ದೇವಸ್ಥಾನವಿರುವ ಬೆಟ್ಟಗಳ ಕೋತಿಗಳು ಪ್ಲಾಸ್ಟಿಕ್ ಕವರಿನ ಸಪ್ಪಳವನ್ನು ಬಹು ದೂರದಿಂದ ಗುರುತಿಸುತ್ತವೆ, ಕೈಯಲ್ಲಿ ಹಿಡಿದ ಕವರು ಕೈಯಲ್ಲಿ ಉಳಿಯುವುದಿಲ್ಲ.

ಲಂಟಾನ, ಕಾರೆ, ಕವಳೆಯ ಮುಳ್ಳಿಗೆ ತುಂಬುತೋಳಿನ ಹತ್ತಿಯ ಅಂಗಿ, ಉದ್ದನೆಯ ಪ್ಯಾಂಟು ಬೇಕು. ನಸುಗುನ್ನಿ ಬಳ್ಳಿಯ ಕಂದು ರೋಮದ ಕಾಯಿಯನ್ನು ಒಮ್ಮೆ ಸವರಿದವರಿಗೆ ತುಂಬುತೋಳಿನ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಶೂವಿನ ಅಟ್ಟೆ ಮೆದುವಾದ ರಬ್ಬರಿನದಾಗಿರಲಿ. ಸವೆದು ನುಣುಪಾದ ಅಟ್ಟೆಯ ಶೂವಿಗಿಂತ ಬರಿಗಾಲು ವಾಸಿ. ಹರಕೆ ಹೊತ್ತ ಹಳ್ಳಿಯ ಅಜ್ಜಿಯರು ಬರಿಗಾಲಿನಲ್ಲಿ ಏರುವಾಗ ಅವರ ಹೆಬ್ಬೆರಳು ಕಲ್ಲನ್ನು ಕಚ್ಚುವ ರೀತಿ ನೋಡಿ ಕಲಿಯುವಂಥದ್ದು. ಕಾಲಿನ ಉಗುರನ್ನು ಹಿಂದಿನ ದಿನವೇ ಕತ್ತರಿಸಿಕೊಳ್ಳಬೇಕು, ಇಲ್ಲದಿದ್ದರೆ ಇಳಿಯುವಾಗ ಬೆರಳ ತುದಿ ಶೂವಿಗೆ ಒತ್ತಿ ನೋಯುತ್ತದೆ. ಸುಗಂಧದ್ರವ್ಯ ಹಾಕಿಕೊಳ್ಳಬಾರದು, ಕಾರಣ ಹೆಜ್ಜೇನು, ಅದರ ಮಾತು ಮುಂದೆ ಬರುತ್ತದೆ. ಇನ್ನು ಒಂದು ಟಾರ್ಚು, ಒಂದು ಸೀಟಿ, ಹತ್ತಿಯ ಉದ್ದನೆಯ ಟವೆಲು, ಎದೆಮಟ್ಟದ ಒಂದು ಬಿದಿರು ಕೋಲು. ಮೊಬೈಲಿನಲ್ಲಿ ಆ ಪ್ರದೇಶದ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನಿಂತ ಜಾಗವನ್ನು ತೋರಿಸುತ್ತದೆ.

ತಪ್ಪಲಿನ ಕೊನೆಯ ಮನೆ

ವಾಹನ ನಿಲ್ಲಿಸಿದ ಮೇಲೆ ನೇರವಾಗಿ ಬೆಟ್ಟಕ್ಕೆ ನುಗ್ಗದೆ ಊರಿನ ಕೊನೆಯ ಮನೆಯಲ್ಲಿ ಮಾತನಾಡಿಸಬೇಕು. ಕೇಳುವ ರೀತಿಯೂ ಮುಖ್ಯ. “ಯಜಮಾನ್ರೇ, ಬೆಟ್ಟಕ್ಕೆ ಇದೇ ದಾರಿ ಅಲ್ವಾ?” ಎಂದರೆ “ಹೂಂ ಸ್ವಾಮಿ” ಎಂಬ ಉತ್ತರ ಬರುತ್ತದೆ, ಏಕೆಂದರೆ ಬಂದವರ ಮಾತನ್ನು ತಳ್ಳಿಹಾಕುವುದು ನಮ್ಮ ಹಳ್ಳಿಗಳ ಮರ್ಯಾದೆಯಲ್ಲ. “ನೀವು ಹೋಗೋದಾದ್ರೆ ಯಾವ ಕಡೆಯಿಂದ ಹತ್ತುತೀರಿ, ಯಾವ ಕಡೆಯಿಂದ ಇಳೀತೀರಿ?” ಎಂದು ಕೇಳಿದರೆ ನಿಜವಾದ ದಾರಿ ಸಿಗುತ್ತದೆ, ಜೊತೆಗೆ ಎಲ್ಲಿ ಜೇನು ಕಟ್ಟಿದೆ, ಯಾವ ಕಣಿವೆಯಲ್ಲಿ ನೀರಿದೆ ಎಂಬುದೂ ತಿಳಿಯುತ್ತದೆ. “ಇಲ್ಲೇ ಒಂದು ಕೂಗಳತೆ” ಎಂದವರ ಮಾತನ್ನು ಮಾತ್ರ ಎರಡರಿಂದ ಗುಣಿಸಿಕೊಳ್ಳಬೇಕು. ಎಷ್ಟು ಜನ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂಬುದನ್ನು ಆ ಮನೆಯಲ್ಲಿ ಹೇಳಿ, ಅದನ್ನೇ ನಮ್ಮ ಮನೆಗೂ ಸಂದೇಶವಾಗಿ ಕಳುಹಿಸಿ ಹೊರಡಬೇಕು.

ಏರುವುದು

ಮೊದಲ ಹದಿನೈದು ನಿಮಿಷ ಬೇಕೆಂದೇ ನಿಧಾನವಾಗಿ ನಡೆಯಬೇಕು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ನಡಿಗೆ ಸರಿಯಾಗಿದೆ, ಒಂದೊಂದೇ ಪದಕ್ಕೆ ಉಸಿರು ಸಿಗುತ್ತಿದ್ದರೆ ಹೆಚ್ಚಾಯಿತು. ಹೆಜ್ಜೆ ಗಿಡ್ಡವಾಗಿರಲಿ, ಪಾದ ಪೂರ್ತಿ ನೆಲಕ್ಕೆ ಊರಲಿ; ತುದಿಗಾಲಿನಲ್ಲಿ ಏರುವವರ ಮೀನಖಂಡ ಅರ್ಧ ಬೆಟ್ಟಕ್ಕೇ ಹಿಡಿದುಕೊಳ್ಳುತ್ತದೆ. ಕಡಿದಾದಲ್ಲಿ ನೇರವಾಗಿ ಹತ್ತದೆ ಎಡಕ್ಕೆ ಹತ್ತು ಹೆಜ್ಜೆ, ಬಲಕ್ಕೆ ಹತ್ತು ಹೆಜ್ಜೆ ಎಂದು ಹಾವಿನ ನಡೆಯಲ್ಲಿ ಏರಬೇಕು. ನಿಂತು ವಿಶ್ರಮಿಸುವಾಗ ಎರಡು ನಿಮಿಷ ಸಾಕು, ಕುಳಿತರೆ ಮೈ ತಣ್ಣಗಾಗಿ ಮತ್ತೆ ಏಳುವುದು ಕಷ್ಟ.

ಎಲ್ಲಕ್ಕಿಂತ ಹೆಚ್ಚಾಗಿ ರೂಢಿಸಿಕೊಳ್ಳಬೇಕಾದದ್ದು ಹಿಂತಿರುಗಿ ನೋಡುವುದನ್ನು. ದಾರಿ ಕವಲೊಡೆದ ಪ್ರತಿ ಜಾಗದಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿ, ಪೂರ್ತಿ ಮೈ ತಿರುಗಿಸಿ ನಿಂತು, ಇಳಿಯುವಾಗ ಈ ಕವಲು ಹೇಗೆ ಕಾಣಲಿದೆ ಎಂದು ನೋಡಿಟ್ಟುಕೊಳ್ಳಬೇಕು. ಏರುವಾಗ ಕಂಡ ಸೀತಾಫಲದ ಗಿಡ ಇಳಿಯುವಾಗ ಬಂಡೆಯ ಮರೆಗೆ ಸರಿದಿರುತ್ತದೆ. ಏರುವಾಗ ಒಂದೇ ಆಗಿದ್ದ ದಾರಿ ಮೇಲಿನಿಂದ ನೋಡಿದಾಗ ಮೂರಾಗಿರುತ್ತದೆ. ಮೊಬೈಲಿನಲ್ಲಿ ಆ ಹಿಂದಿನ ನೋಟದ ಚಿತ್ರವನ್ನೇ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನಾನು ದಾರಿ ತಪ್ಪಿದ ದಿನ ನನ್ನ ಮೊಬೈಲಿನಲ್ಲಿ ನಲವತ್ತು ಚಿತ್ರಗಳಿದ್ದವು, ಅದರಲ್ಲಿ ಒಂದೂ ಹಿಂದಕ್ಕೆ ತಿರುಗಿ ತೆಗೆದದ್ದಾಗಿರಲಿಲ್ಲ.

ದನಗಳ ಜಾಡನ್ನೂ ಮನುಷ್ಯರ ದಾರಿಯನ್ನೂ ಬೇರ್ಪಡಿಸಿ ನೋಡುವುದು ಅಷ್ಟೇನೂ ಕಷ್ಟವಲ್ಲ. ನೆಲವನ್ನಲ್ಲ, ಎದೆಮಟ್ಟವನ್ನು ನೋಡಬೇಕು. ಸೊಂಟದವರೆಗೆ ತೆರವಾಗಿದ್ದು, ಎದೆ-ಮುಖದ ಮಟ್ಟದಲ್ಲಿ ಲಂಟಾನದ ಕೊಂಬೆಗಳು ಅಡ್ಡ ಹೆಣೆದುಕೊಂಡಿದ್ದರೆ ಅದು ಕುರಿ-ಮೇಕೆ ನುಸುಳುವ ಜಾಡು. ಹುಲ್ಲುಗಾವಲಿಗೋ ನೀರಿನ ಗುಂಡಿಗೋ ಹೋಗಿ ಮುಗಿದುಬಿಡುತ್ತದೆ. ಮುಖದ ಮಟ್ಟದಲ್ಲಿ ಕೊಂಬೆಗಳನ್ನು ಮಚ್ಚಿನಿಂದ ಸವರಿದ ಗುರುತಿದ್ದರೆ ಅದು ಮನುಷ್ಯ ನಡೆವ ದಾರಿ.

ಬಂಡೆ

ರಾಮನಗರದಿಂದ ಮಧುಗಿರಿಯ ಕಡೆಗೆ ಸಾಗುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ನಡೆಯುವವನಿಗೆ ಅದರ ವಯಸ್ಸಿಗಿಂತ ಅದು ಸಿಪ್ಪೆ ಬಿಡುವ ಗುಣ ಮುಖ್ಯ. ಗ್ರಾನೈಟು ಈರುಳ್ಳಿಯ ಹಾಗೆ ಪದರ ಪದರವಾಗಿ ಏಳುತ್ತದೆ. ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕೆಳಗಿನ ಪದರ ಬಿಟ್ಟಿದೆಯೆಂದು ಅರ್ಥ. ಅದರ ಅಂಚಿನಲ್ಲಿ ನಿಲ್ಲಬಾರದು, ಕೈಯಿಂದ ಹಿಡಿದು ಏರಲೂ ಬಾರದು.

ಹಾಸುಬಂಡೆಯ ಮೇಲೆ ಮೇಲಿನಿಂದ ಕೆಳಗೆ ಇಳಿಬಿದ್ದ ಕಪ್ಪು ಪಟ್ಟೆಗಳಿರುತ್ತವೆ. ಅವು ಮಳೆನೀರು ಹರಿಯುವ ಜಾಗಗಳು, ಕಪ್ಪು ಬಣ್ಣ ಅಲ್ಲಿ ಬೆಳೆದ ಪಾಚಿಯದು. ಒಣಗಿದ್ದಾಗ ಅದರ ಮೇಲೆ ನಡೆಯಬಹುದು. ಒಂದು ತುಂತುರು ಬಿದ್ದರೂ ಎಣ್ಣೆ ಸವರಿದಂತಾಗುತ್ತದೆ. ತಿಳಿ ಬೂದು ಬಣ್ಣದ ಒರಟು ಕಲ್ಲನ್ನು ಆರಿಸಿಕೊಂಡು ಹೆಜ್ಜೆ ಇಡಬೇಕು. ಬಂಡೆ ಪುಡಿಯಾಗಿ ಉಂಟಾದ ಗರಸು ಇನ್ನೊಂದು ಅಪಾಯ: ಗಟ್ಟಿ ಕಲ್ಲಿನ ಮೇಲೆ ತೆಳುವಾಗಿ ಹರಡಿದ ಈ ಕಾಳುಗಳು ಕಾಲಿನಡಿಯಲ್ಲಿ, ಅಂಗಳಕ್ಕೆ ಚೆಲ್ಲಿದ ರಾಗಿಯಂತೆ ಉರುಳುತ್ತವೆ. ನಾನು ಕಂಡ ಮಟ್ಟಿಗೆ ಜಾರಿ ಬೀಳುವವರಲ್ಲಿ ಹೆಚ್ಚಿನವರು ಕಡಿದಾದ ಬಂಡೆಯಲ್ಲಿ ಬೀಳುವುದಿಲ್ಲ, ಅಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಅದು ಮುಗಿಯಿತು ಎಂದು ತಲೆಯೆತ್ತಿದಾಗ ಸಿಗುವ ಗರಸಿನ ಮೇಲೆ ಬೀಳುತ್ತಾರೆ. ದೊಣೆಗಳಿಗೆ ಇಳಿಯುವುದು ಬೇಡವೇ ಬೇಡ. ಅಂಚು ಒಳಕ್ಕೆ ಬಾಗಿರುವುದರಿಂದ, ಈಜು ಬಂದರೂ ಪಾಚಿಯ ಗೋಡೆ ಹಿಡಿದು ಮೇಲೆ ಬರಲು ಆಗುವುದಿಲ್ಲ.

ಕಾಡಿನಲ್ಲಿರುವವರು

ಹೆಜ್ಜೇನು ಬಂಡೆಯ ಚಾಚಿನ ಕೆಳಗೆ ಗೂಡು ಕಟ್ಟುತ್ತದೆ. ಗೂಡು ಕಂಡಲ್ಲಿ ಕೂಗಾಟ, ಹೊಗೆ, ಕಲ್ಲೆಸೆತ ಯಾವುದೂ ಇರಬಾರದು. ಒಂದು ಹುಳು ಕಚ್ಚಿದರೆ ಅದು ಬಿಡುವ ವಾಸನೆಗೆ ಉಳಿದವು ಬರುತ್ತವೆ. ಆದ್ದರಿಂದ ಕೈ ಬೀಸುತ್ತ ನಿಲ್ಲದೆ, ಟವೆಲಿನಿಂದ ತಲೆ-ಮುಖ ಮುಚ್ಚಿ, ದಟ್ಟ ಪೊದೆಯಿರುವ ಕಡೆಗೆ ಸಾಧ್ಯವಾದಷ್ಟು ದೂರ ಸರಿದುಹೋಗಬೇಕು. ಅಂಬನ್ನು ಉಗುರಿನಿಂದ ತಡಮಾಡದೆ ಕೆರೆದು ತೆಗೆಯಬೇಕು. ಉಸಿರುಗಟ್ಟುವುದು, ತುಟಿ ಊದುವುದು ಕಂಡರೆ ಆ ಕ್ಷಣವೇ ಆಸ್ಪತ್ರೆ.

ಕರಡಿಗೆ ಕಣ್ಣು ಮಂದ, ಅದು ಮನುಷ್ಯನ ಮೇಲೆ ಬೀಳುವುದು ಹೆಚ್ಚಾಗಿ ತೀರ ಹತ್ತಿರದಲ್ಲಿ ಬೆಚ್ಚಿದಾಗ. ಬಂಡೆಗಳ ಸಂದಿ, ಗವಿಗಳ ಬಳಿ ಸಾಗುವಾಗ ಸಾಧಾರಣ ದನಿಯಲ್ಲಿ ಮಾತನಾಡುತ್ತ, ಕೋಲನ್ನು ಕಲ್ಲಿಗೆ ತಟ್ಟುತ್ತ ನಡೆದರೆ ಅದು ತಾನಾಗಿ ಸರಿಯುತ್ತದೆ. ಹಾಡು ಹಾಕಿಕೊಂಡು ಇಯರ್‌ಫೋನ್ ಸಿಕ್ಕಿಸಿ ನಡೆಯುವವನಿಗೆ ಈ ಕಾಡಿನಲ್ಲಿ ಅರ್ಧ ಇಂದ್ರಿಯವೇ ಇಲ್ಲ.

ಹಾವಿನ ವಿಷಯದಲ್ಲಿ ಕೈಯನ್ನು ಕಣ್ಣಿಗೆ ಕಾಣದ ಸಂದಿಯಲ್ಲಿ ಇಡಬಾರದು ಎಂಬ ಒಂದು ನಿಯಮ ಬಹುಪಾಲು ಕಚ್ಚುವಿಕೆಯನ್ನು ತಪ್ಪಿಸುತ್ತದೆ. ಒಣಬೆಟ್ಟಗಳಲ್ಲಿ ಕೊಳಕುಮಂಡಲ ಮತ್ತು ಗರಗಸಮಂಡಲ ಎಲೆ-ಕಲ್ಲಿನ ಬಣ್ಣದಲ್ಲಿ ಕರಗಿ ಅಲುಗದೆ ಬಿದ್ದಿರುತ್ತವೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡಬಾರದು. ಕಚ್ಚಿದ ಹೊತ್ತನ್ನು ಗುರುತಿಟ್ಟು, ಉಂಗುರ-ಗೆಜ್ಜೆ ತೆಗೆದು, ಕಾಲನ್ನು ಕೋಲಿಗೆ ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಹೊತ್ತು ಇಳಿಸಬೇಕು. 108ಕ್ಕೆ ಕರೆ ಮಾಡಬೇಕು. ನಮ್ಮಲ್ಲಿ ಕೊಡುವ ಔಷಧ ನಾಲ್ಕು ಮುಖ್ಯ ವಿಷದ ಹಾವುಗಳಿಗೂ ಒಂದೇ ಆದ್ದರಿಂದ ಹಾವನ್ನು ಹೊಡೆದು ತರಬೇಕಾದ ಅಗತ್ಯವಿಲ್ಲ.

ಇಷ್ಟು ಭಯವನ್ನೇ ಹೇಳಿ ನಿಲ್ಲಿಸಿದರೆ ಬೆಟ್ಟಕ್ಕೆ ಅನ್ಯಾಯವಾಗುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿಗೆ ದೇವರಾಯನದುರ್ಗ ಹೆಸರಾದ ನೆಲೆ. ಬೆಳಗಿನ ಮೊದಲ ಎರಡು ಗಂಟೆಯಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆದ ಗೋಣಿ, ಬಸರಿಯಂಥ ಹಣ್ಣಿನ ಮರದ ಎದುರು ಇಪ್ಪತ್ತು ನಿಮಿಷ ಮಾತಿಲ್ಲದೆ ಕುಳಿತವರಿಗೆ ಅದು ಕಾಣಸಿಗಬಹುದು. ಆ ಇಪ್ಪತ್ತು ನಿಮಿಷವನ್ನು ಹೊರಡುವಾಗಿನ ಲೆಕ್ಕದಲ್ಲಿಯೇ ಸೇರಿಸಿಕೊಂಡಿರಬೇಕು.

ನೆತ್ತಿಯಲ್ಲಿ

ಮೇಲೆ ತಲುಪಿದ ಕೂಡಲೇ ಗಡಿಯಾರ ನೋಡಿ. ಹತ್ತಲು ತೆಗೆದುಕೊಂಡ ಹೊತ್ತು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿದ್ದರೆ ನೆತ್ತಿಯ ವಿಶ್ರಾಂತಿಯಿಂದ ಅದನ್ನು ಕಳೆಯಬೇಕು, ಇಳಿಯುವ ಹೊತ್ತಿನಿಂದ ಅಲ್ಲ. ಮಿಂಚು ಕಂಡು ಗುಡುಗು ಕೇಳುವ ನಡುವೆ ಎಣಿಸಿ: ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ನೆತ್ತಿಯನ್ನೂ ಒಂಟಿ ಮರವನ್ನೂ ಬಿಟ್ಟು ಇಳಿಯತೊಡಗಬೇಕು. ಬೀಡಿ-ಸಿಗರೇಟು, ಒಲೆ ಹೂಡುವುದು ಯಾವ ಋತುವಿನಲ್ಲಿಯೂ ಬೇಡ.

ಬೆಟ್ಟದ ಮೇಲೆ ನಿಂತಾಗ ದಿಕ್ಕು ತಿಳಿಯಲು ನೀರಿನ ಹರಿವು ಒಳ್ಳೆಯ ಗುರುತು. ಜಯಮಂಗಲಿ ಈ ಬೆಟ್ಟದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ದಕ್ಷಿಣದ ಇಳಿಜಾರಿನಲ್ಲಿ ಹುಟ್ಟುವ ಶಿಂಷಾ ಕಾವೇರಿಗೆ ಹೋಗುತ್ತದೆ. ತಪ್ಪು ಕೊರಕಲಿಗೆ ಇಳಿದವನು ನೀರಿನ ಜೊತೆಯಲ್ಲಿಯೇ ಬೆಟ್ಟದ ಆಚೆ ಬದಿಯ ಹಳ್ಳಿಗೆ ಹೋಗಿ ನಿಲ್ಲುತ್ತಾನೆ, ಅವನ ವಾಹನ ಈಚೆ ಇರುತ್ತದೆ. ಆದ್ದರಿಂದ ಇಳಿಯುವ ಮೊದಲು ನಿಮ್ಮ ವಾಹನ ನಿಂತ ಊರು, ಅದರ ಕೆರೆ, ಗುಡಿಯ ಗೋಪುರ ಕಣ್ಣಿಗೆ ಬೀಳುವವರೆಗೆ ನೆತ್ತಿಯ ಸುತ್ತ ನಡೆದು ನೋಡಿ.

ಇಳಿಯುವುದು

ಶೂವಿನ ದಾರವನ್ನು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ತಳ್ಳಿ, ಮತ್ತೆ ಬಿಗಿಯಾಗಿ ಕಟ್ಟಬೇಕು. ಮಂಡಿ ತುಸು ಬಾಗಿರಲಿ, ಮೈ ಹಿಂದಕ್ಕೆ ವಾಲದಿರಲಿ. ಹೆದರಿ ಹಿಂದಕ್ಕೆ ವಾಲಿದಷ್ಟೂ ಪಾದದ ಹಿಡಿತ ಕಡಿಮೆಯಾಗುತ್ತದೆ. ಕಡಿದಾದ ಬಂಡೆಯಲ್ಲಿ ಅಡ್ಡಡ್ಡಲಾಗಿ ತಿರುಗಿ ಕೋಲನ್ನು ಕೆಳಬದಿಗೆ ಊರಿ ಇಳಿಯಬೇಕು. ಅಲ್ಲಿಯೂ ಧೈರ್ಯ ಸಾಲದಿದ್ದರೆ ಕುಳಿತು ಜರುಗುವುದರಲ್ಲಿ ಯಾವ ಅವಮಾನವೂ ಇಲ್ಲ, ಪ್ಯಾಂಟು ಸವೆದರೆ ಸವೆಯಲಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿರಬೇಕು, ದಾರಿ ಬಲ್ಲವರು ಕೊನೆಯಲ್ಲಿರಬೇಕು. ಕಲ್ಲು ಉರುಳಿದರೆ “ಕಲ್ಲು!” ಎಂದು ಕೂಗಿ ಹೇಳಬೇಕು.

ದಾರಿ ಕೈತಪ್ಪಿತು ಎನಿಸಿದ ಕ್ಷಣದಲ್ಲಿ ಕೆಳಗೆ ಇಳಿಯುವುದನ್ನು ನಿಲ್ಲಿಸಿ, ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ಮತ್ತೆ ಏರಬೇಕು. ದಣಿದ ಕಾಲಿಗೆ ಇದು ಒಪ್ಪಿಗೆಯಾಗುವುದಿಲ್ಲ, “ಹೇಗಿದ್ದರೂ ಕೆಳಗೇ ಹೋಗಬೇಕಲ್ಲ” ಎಂದು ಮನಸ್ಸು ವಾದಿಸುತ್ತದೆ. ನಾನು ಎರಡು ಗಂಟೆ ಕಳೆದದ್ದು ಆ ವಾದವನ್ನು ಕೇಳಿಯೇ; ಕೊನೆಗೆ ಮೇಲೆ ಏರಿ ಕವಲನ್ನು ಹುಡುಕಿಕೊಳ್ಳಲು ಹಿಡಿದದ್ದು ಹದಿನೈದು ನಿಮಿಷ. ಸಹಾಯ ಬೇಕಾದರೆ ಸೀಟಿಯನ್ನು ಮೂರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. 112ಕ್ಕೆ ಕರೆ ಹೋದರೆ ಜಿಪಿಎಸ್ ತೋರಿಸುವ ಅಂಕಿಗಳನ್ನು ಓದಿ ಹೇಳಬೇಕು.

ತಪ್ಪಲಿಗೆ ಬಂದ ಮೇಲೆ ನಾಮದ ಚಿಲುಮೆಯ ಕಡೆ ಹೋಗುವವರು ಬಹಳ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ರಾಮ ಬಾಣ ಬಿಟ್ಟಾಗ ಬಂಡೆಯಲ್ಲಿ ಚಿಮ್ಮಿದ ಒರತೆ ಅದು ಎಂಬುದು ಸ್ಥಳದ ಐತಿಹ್ಯ. ಅಲ್ಲಿಗೆ ಹೋಗುವ ಮುನ್ನ ಕೊನೆಯ ಮನೆಯವರಿಗೆ ಎಲ್ಲರೂ ಇಳಿದು ಬಂದೆವೆಂದು ಹೇಳಿ, ಮನೆಗೂ ಸಂದೇಶ ಕಳುಹಿಸಿ, ಚೀಲದಲ್ಲಿ ತಂದ ಕಸ ಚೀಲದಲ್ಲಿಯೇ ಇದೆಯೆಂದು ನೋಡಿಕೊಳ್ಳಬೇಕು. ಮನೆಯಲ್ಲಿ ಸ್ನಾನಕ್ಕೆ ಮುಂಚೆ ಮಂಡಿಯ ಹಿಂದೆ, ಕಂಕುಳಲ್ಲಿ, ಸೊಂಟದ ಸುತ್ತ ಉಣುಗು ಕಚ್ಚಿಕೊಂಡಿದೆಯೇ ಎಂದು ಬೆಳಕಿನಲ್ಲಿ ನೋಡಿ. ಇದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಶೂವನ್ನು ಕೊಡವಿ ಬಿಸಿಲಿಗಿಡಿ.